ಪಕ್ಕೆಲುಬು ಕಂಡರೆ ರೋಗವಲ್ಲ: ನಮ್ಮ ಮುಧೋಳ ನಾಯಿಯನ್ನು ನಾನು ಯಾವಾಗ ಡಾಕ್ಟರ್ ಹತ್ತಿರ ಒಯ್ಯುತ್ತೇನೆ

ನಮ್ಮದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕು. ಮನೆಯಲ್ಲಿ ಮುಧೋಳ ನಾಯಿ ಇದೆ, ಹೆಸರು ರಾಣಿ. ಹೊರಗಿನಿಂದ ಬಂದವರು ಅವಳನ್ನು ನೋಡಿ, "ಇದಕ್ಕೆ ಆರಾಮಿಲ್ಲೇನು? ಇಷ್ಟು ಸೊರಗಿದೆಯಲ್ಲ" ಅನ್ನುತ್ತಾರೆ. ಸೊರಗಿಲ್ಲ, ಈ ಜಾತಿಯ ಮೈಕಟ್ಟೇ ಹಾಗೆ. ಎದೆ ಆಳ, ಹೊಟ್ಟೆ ಒಳಕ್ಕೆ, ಪಕ್ಕೆಲುಬು ಒಂದೆರಡು ಹೊರಗೆ. 2005ರಲ್ಲಿ ಅಂಚೆ ಇಲಾಖೆ ಸ್ಟಾಂಪ್ ಮೇಲೆ ತಂದದ್ದೂ ಇದೇ ಸಪೂರ ನಾಯಿಯನ್ನೇ. ಓಡುವಾಗ ಓಡುತ್ತದೆ, ಉಳಿದ ಹೊತ್ತು ಮಲಗಿರುತ್ತದೆ. ತೆಳ್ಳಗಿರುವುದು, ಮಲಗಿರುವುದು ಎರಡೂ ಇದಕ್ಕೆ ಸಹಜ. ಹಾಗಾಗಿ ಅವೆರಡನ್ನು ನೋಡಿ ಕಾಯಿಲೆ ಗುರುತಿಸಲು ಆಗುವುದಿಲ್ಲ.

ಅದಕ್ಕೇ ಅವಳು ಆರಾಮಿದ್ದಾಗ ಹೇಗಿರುತ್ತಾಳೆ ಅಂತ ನಾನು ಚೆನ್ನಾಗಿ ನೋಡಿಟ್ಟುಕೊಂಡಿದ್ದೇನೆ. ಆಗಾಗ ತುಟಿ ಎತ್ತಿ ವಸಡು ನೋಡುತ್ತೇನೆ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸುತ್ತೇನೆ. ನಿಮಿಷಕ್ಕೆ 30ರೊಳಗೆ ಇದ್ದರೆ ಚಿಂತೆ ಇಲ್ಲ. ಮೂಗು ಮುಟ್ಟಿ ಜ್ವರ ಹೇಳುವುದನ್ನು ನಾನು ನಂಬುವುದಿಲ್ಲ. ಬಿಸಿಲಲ್ಲಿ ಮಲಗಿ ಎದ್ದ ಆರೋಗ್ಯದ ನಾಯಿಯ ಮೂಗೂ ಒಣಗಿಯೇ ಇರುತ್ತದೆ. ಅವಳಿಗೇ ಅಂತ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟಿದ್ದೇನೆ. ತುದಿಗೆ ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ಮೆಲ್ಲಗೆ ಇಟ್ಟು ನೋಡಬೇಕು. ನಾಯಿಯ ಮೈ ನಮ್ಮದಕ್ಕಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಜ್ವರ ಅಲ್ಲ. ಇನ್ನು ತೂಕ: ಕಣ್ಣಳತೆ ಈ ನಾಯಿಯ ವಿಷಯದಲ್ಲಿ ನಡೆಯುವುದಿಲ್ಲ. ಅವಳನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆಯುತ್ತೇನೆ.

ಇದೆಲ್ಲ ಉಪಯೋಗಕ್ಕೆ ಬಂದದ್ದು ಒಂದು ಮಳೆಗಾಲದಲ್ಲಿ. ಸಂಜೆ ಗಾಡಿ ಸದ್ದಿಗೆ ಬಾಗಿಲಿಗೆ ಓಡಿಬರುವವಳು ತಲೆ ಎತ್ತಿ ನೋಡಿ ಮತ್ತೆ ಮಲಗಿದಳು. ಹಾಲಲ್ಲಿ ಮುರಿದು ಹಾಕಿದ ರೊಟ್ಟಿ ಹಾಗೇ ಉಳಿಯಿತು. ಪಕ್ಕದ ಮನೆಯ ಕಾಕಾ, "ನಾಯಿ ಒಂದಿನ ಉಪಾಸ ಇದ್ರ ಏನೂ ಆಗೂದಿಲ್ಲ ಬಿಡ್ರಿ" ಅಂದರು. ಅವರ ಮಾತು ಅರ್ಧ ನಿಜ. ಬೆಳೆದ ನಾಯಿ ಒಂದು ಹೊತ್ತು ಊಟ ಬಿಟ್ಟು, ಉಳಿದದ್ದರಲ್ಲಿ ಚುರುಕಾಗಿದ್ದರೆ ನಾನೂ ಕಾಯುತ್ತೇನೆ. ಆದರೆ ಊಟವೂ ಇಲ್ಲ, ಉಮೇದೂ ಇಲ್ಲ ಅಂದರೆ ಕಾಯುವುದಿಲ್ಲ. ತುಟಿ ಎತ್ತಿದೆ, ವಸಡು ಬಿಳುಚಿತ್ತು. ಜ್ವರ 104 ದಾಟಿತ್ತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಸಿಕ್ಕವು.

ಬೆಳಿಗ್ಗೆ ದವಾಖಾನೆಯಲ್ಲಿ ಡಾಕ್ಟರ್ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರು. ಉಣ್ಣಿ ಜ್ವರ. ಕಂದು ಉಣ್ಣಿ ಕಚ್ಚಿದಾಗ ರೋಗಾಣು ರಕ್ತಕ್ಕೆ ಸೇರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತವೆ. ತಡವಾದರೆ ಮೂಗಿನಿಂದ ರಕ್ತ ಬರಬಹುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಏಳಬಹುದು. ಉಣ್ಣಿಯಿಂದಲೇ ಬರುವ ಇನ್ನೊಂದು ಕಾಯಿಲೆಯಲ್ಲಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮಾತ್ರೆ ಸುಮಾರು ನಾಲ್ಕು ವಾರದ್ದು. ಸ್ವಲ್ಪ ದಿನದಲ್ಲೇ ಅವಳು ಓಡಾಡತೊಡಗಿದಳು. ಆದರೂ ಪೂರ್ತಿ ಕೊಟ್ಟು ಮುಗಿಸಿದೆವು.

ಕೆಲವಕ್ಕೆ ಬೆಳಗಿನವರೆಗೆ ಕಾಯುವ ಹಾಗೂ ಇಲ್ಲ. ಈ ಜಾತಿಗೆ ನಾನು ಹೆಚ್ಚು ಹೆದರುವುದು ಹೊಟ್ಟೆ ತಿರುಚುವುದಕ್ಕೆ, ಯಾಕೆಂದರೆ ಎದೆ ಆಳವಿರುವ ನಾಯಿಗಳಲ್ಲಿ ಅದು ಜಾಸ್ತಿ. ಹೊಟ್ಟೆ ಉಬ್ಬುತ್ತದೆ, ವಾಂತಿಗೆ ಮತ್ತೆ ಮತ್ತೆ ಒಕ್ಕರಿಸುತ್ತದೆ, ಏನೂ ಹೊರಗೆ ಬರುವುದಿಲ್ಲ, ಕೂರಲೂ ಆಗದೆ ಚಡಪಡಿಸುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ದಯವಿಟ್ಟು ಮನೆಮದ್ದು ಮಾಡುತ್ತ ಕೂರಬೇಡಿ. ಮೂತ್ರಕ್ಕೆ ತಿಣುಕಿ ಹನಿಯೂ ಬರದಿದ್ದರೆ, ಫಿಟ್ಸ್ 5 ನಿಮಿಷ ದಾಟಿದರೆ, ಇಲಿ ಪಾಷಾಣ ತಿಂದ ಅನುಮಾನ ಬಂದರೆ, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಕೂಡಲೇ ಹೊರಡಬೇಕು. ಇಲಿ ಪಾಷಾಣದಲ್ಲಿ ಕೆಲವು ಬಗೆಯವು ದಿನಗಟ್ಟಲೆ ಸುಮ್ಮನಿದ್ದು ಆಮೇಲೆ ರಕ್ತಸ್ರಾವ ಮಾಡುತ್ತವೆ. ಹಾಗಾಗಿ ನಾಯಿ ಚೆನ್ನಾಗಿದೆ ಅಂತ ಬಿಡಬಾರದು. ಮರಿ ವಾಂತಿ ಮಾಡಿ, ರಕ್ತ ಬೆರೆತ ಭೇದಿ ಹಾಕಿದರೆ ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು. ಮರಿಗಳ ಮೈಯಲ್ಲಿ ನೀರು ಬಹಳ ಬೇಗ ಕಡಿಮೆಯಾಗುತ್ತದೆ. ಸಂತಾನಹರಣ ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆ ಮುಗಿದ ಕೆಲವು ವಾರಗಳಲ್ಲಿ ವಿಪರೀತ ನೀರು ಕುಡಿಯುತ್ತ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ವಾ, 40 ಡಿಗ್ರಿ ಮುಟ್ಟುತ್ತದೆ. ನಾಯಿ ಏದುಸಿರು ಬಿಡುತ್ತ ತೂರಾಡಿದರೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕಿ. ಹಾಗೆ ತಂಪು ಮಾಡುತ್ತಲೇ ದವಾಖಾನೆಗೆ ಒಯ್ಯಿರಿ.

ನಮ್ಮ ಮಾತ್ರೆಯನ್ನು ಮಾತ್ರ ಎಂದೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ಹಾಗೇ, ನಾಯಿಯ ದನಿ ಬದಲಾಗಿ, ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ರೇಬಿಸ್ ಇರಬಹುದು. ದೂರದಿಂದಲೇ ಡಾಕ್ಟರಿಗೆ ತಿಳಿಸಿ.

ದವಾಖಾನೆಗೆ ಹೋಗುವಾಗ ಫೋನಿನಲ್ಲಿ ವಿಡಿಯೋ ತೆಗೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಕುಂಟುವ ನಾಯಿ ಅಲ್ಲಿ ಹೆದರಿ ನೆಟ್ಟಗೆ ನಡೆಯುತ್ತದೆ. ವಾಂತಿ, ಭೇದಿ ಇದ್ದರೆ ಅದರ ಫೋಟೊ. ಯಾವಾಗಿನಿಂದ, ಏನು ತಿಂದಿತ್ತು, ಕೊನೆಯ ಲಸಿಕೆ ಯಾವಾಗ ಅಂತ ಚೀಟಿಯಲ್ಲಿ ಬರೆದಿರುತ್ತೇನೆ. ಆಪರೇಷನ್ ಮಾತು ಬಂದರೆ ಅರಿವಳಿಕೆಗೆ ಮುಂಚೆಯೇ "ಇದು ಮುಧೋಳ ನಾಯಿ ಸರ್" ಅಂತ ನೆನಪಿಸುತ್ತೇನೆ. ಕೊಬ್ಬು ಕಡಿಮೆ ಇರುವ ಇಂಥ ಓಟದ ನಾಯಿಗಳಿಗೆ ಕೆಲವು ಹಳೆಯ ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇಲ್ಲಿಯ ಡಾಕ್ಟರಿಗೆ ಇದು ಹೊಸದಲ್ಲ. ಪಕ್ಕದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಮುಧೋಳ ಮರಿಯನ್ನು ದೂರದ ಊರಿಗೆ ಒಯ್ದವರು ಅಲ್ಲಿಯ ಡಾಕ್ಟರಿಗೆ ಈ ಮಾತನ್ನು ತಾವೇ ಹೇಳಬೇಕು.