ಚಿಮರ್ರಾ ಕುಲದ ಹೊಸ ಪ್ರಭೇದವೊಂದನ್ನು ವಿವರಿಸಿದ ಬಗೆ

ಕ್ಯಾಡಿಸ್ ಕೀಟಗಳನ್ನು ಹಿಡಿಯುವುದು ಕಷ್ಟವಲ್ಲ. ಮಲೆನಾಡಿನಲ್ಲಿ ವರ್ಷವಿಡೀ ಹರಿಯುವ ಯಾವುದೇ ಹಳ್ಳದ ಬದಿಯಲ್ಲಿ ಸಂಜೆಯ ಹೊತ್ತು ದೀಪ ಹಚ್ಚಿಟ್ಟರೆ ಅವು ತಾವಾಗಿಯೇ ಬರುತ್ತವೆ. ಹಾಗೆ ಬಂದ ಕೀಟಗಳಲ್ಲಿ ಒಂದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸಿಕೊಡುವುದು ಮಾತ್ರ ಬೇರೆಯೇ ಕೆಲಸ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡುತ್ತಲೇ ನಾನು ಈ ಕೆಲಸವನ್ನು ಮಾಡಿದ ರೀತಿಯನ್ನು, ಇದೇ ದಾರಿಯಲ್ಲಿ ಹೊರಟಿರುವ ವಿದ್ಯಾರ್ಥಿಗಳಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆದಿದ್ದೇನೆ.

ಟ್ರೈಕಾಪ್ಟೆರಾ ಗಣಕ್ಕೆ ಸೇರಿದ ಈ ಕೀಟಗಳು ಚಿಟ್ಟೆ ಮತ್ತು ಪತಂಗಗಳ ಹತ್ತಿರದ ಬಂಧುಗಳು. ಪತಂಗದ ರೆಕ್ಕೆಯ ಮೇಲೆ ಹುರುಪೆಗಳಿದ್ದರೆ ಇವುಗಳ ರೆಕ್ಕೆಯ ಮೇಲೆ ಸಣ್ಣ ರೋಮಗಳಿರುತ್ತವೆ. ಮರಿಹುಳುಗಳು ನೀರಿನಲ್ಲಿ ಬೆಳೆಯುತ್ತವೆ. ಕೆಲವು ಮರಳಿನ ಕಣ, ಎಲೆಯ ಚೂರು, ಕಡ್ಡಿಗಳನ್ನು ತಮ್ಮದೇ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟಿಕೊಂಡರೆ, ಇನ್ನು ಕೆಲವು ಕಲ್ಲಿನ ಅಡಿಯಲ್ಲಿ ಬಲೆ ನೇಯುತ್ತವೆ. ಜಗತ್ತಿನಲ್ಲಿ 16,000ಕ್ಕೂ ಹೆಚ್ಚು ಪ್ರಭೇದಗಳು ಹೆಸರು ಪಡೆದಿವೆ. ನಾನು ಆರಿಸಿಕೊಂಡದ್ದು ಫಿಲೊಪೊಟಾಮಿಡೇ ಕುಟುಂಬದ ಚಿಮರ್ರಾ ಎಂಬ ಕುಲವನ್ನು. ಈ ಗಣದಲ್ಲೇ ಅತಿ ದೊಡ್ಡ ಕುಲವಾದ ಇದರಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳಿವೆ. ಹೊಸಬರಿಗೆ ಇದು ಜಾಣತನದ ಆಯ್ಕೆಯಲ್ಲ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದರು. ಆದರೆ ನನ್ನ ಊರಿನ ಸುತ್ತಲಿನ ಹಳ್ಳಗಳಲ್ಲಿ ಹೇರಳವಾಗಿ ಸಿಗುವುದೇ ಇದು.

ಮಾದರಿಗಳನ್ನು ಸಂಗ್ರಹಿಸಿದ್ದು ಕೊಪ್ಪದ ಕಡೆಯ ಒಂದು ಅಡಿಕೆ ತೋಟದ ಅಂಚಿನ ಹಳ್ಳದಲ್ಲಿ. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕಾಗುತ್ತದೆ. ಇಲ್ಲಿ ತೋಟದ ಯಜಮಾನರ ಒಪ್ಪಿಗೆ ಸಾಕಾಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ಹುಳದಿಂದ ಸಿಂಗಾರಕ್ಕೇನೂ ತೊಂದರೆ ಇಲ್ಲ ತಾನೇ ಮೇಷ್ಟ್ರೇ?" ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಕಸವನ್ನು ಬಲೆಯಲ್ಲಿ ಸೋಸಿ ತಿನ್ನುವ ಹುಳು ಅಡಿಕೆಯ ತಂಟೆಗೆ ಹೋಗುವುದಿಲ್ಲ ಎಂದು ವಿವರಿಸಿದ ಮೇಲೆ, ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಪಂಪ್‌ಹೌಸಿನ ಬೀಗದ ಕೈಯನ್ನೂ ಕೊಟ್ಟರು. ಬಿಳಿಯ ತಟ್ಟೆಯಲ್ಲಿ ಆಲ್ಕೋಹಾಲ್ ಸುರಿದು, ಅದರ ಮೇಲೆ ಅಡ್ಡಲಾಗಿ ಅತಿನೇರಳೆ ಟ್ಯೂಬ್‌ಲೈಟ್ ಇಟ್ಟು, ಕತ್ತಲಾದ ಮೇಲೆ ಒಂದೆರಡು ಗಂಟೆ ಉರಿಸಿದರೆ ಸಾಕು. ಬೆಳದಿಂಗಳು, ಗಾಳಿ, ಚಳಿ ಈ ಮೂರೂ ಇಲ್ಲದ ರಾತ್ರಿಗಳಲ್ಲಿ ತಟ್ಟೆ ತುಂಬುತ್ತದೆ. ಚೀಟಿಯನ್ನು ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಹೊರಗೆ ಅಂಟಿಸಿದ ಬಾಲ್‌ಪೆನ್ ಬರಹ ಒಂದು ಹನಿ ಆಲ್ಕೋಹಾಲ್ ತಗುಲಿದರೂ ಅಳಿಸಿಹೋಗುತ್ತದೆ. ಸ್ಥಳ, ಎತ್ತರ, ಅಕ್ಷಾಂಶ–ರೇಖಾಂಶ, ದಿನಾಂಕ, ಸಂಗ್ರಹಿಸಿದವರ ಹೆಸರು, ಇವುಗಳಿಲ್ಲದ ಮಾದರಿ ಎಷ್ಟೇ ಅಪರೂಪದ್ದಾದರೂ ವರ್ಗೀಕರಣಕ್ಕೆ ಬಹುಮಟ್ಟಿಗೆ ನಿರುಪಯೋಗಿ.

ಚಿಮರ್ರಾವನ್ನು ಕುಲದ ಮಟ್ಟದಲ್ಲಿ ಗುರುತಿಸುವುದು ಸರಳ. ಕುಟುಂಬದ ಇತರ ಕುಲಗಳಲ್ಲಿ ಮುಂಗಾಲು, ನಡುಗಾಲು, ಹಿಂಗಾಲುಗಳ ಟಿಬಿಯಾದ (ಮೊಣಕಾಲಿನ ಕೆಳಗಿನ ಭಾಗ) ಮೇಲಿನ ಮುಳ್ಳುಗಳ ಸಂಖ್ಯೆ ಸಾಮಾನ್ಯವಾಗಿ 2-4-4 ಆಗಿದ್ದರೆ ಇದರಲ್ಲಿ 1-4-4. ಪ್ರಭೇದವನ್ನು ಗುರುತಿಸಲು ಈ ಲಕ್ಷಣಗಳು ಸಾಲವು, ಬಣ್ಣವೂ ನೆರವಾಗದು. ಹೆಚ್ಚಿನವು ಕಪ್ಪು ಅಥವಾ ಕಂದು ಬಣ್ಣದ ಪುಟ್ಟ ಕೀಟಗಳು, ಅದೂ ಆಲ್ಕೋಹಾಲ್‌ನಲ್ಲಿ ಬೇಗ ಮಾಸುತ್ತದೆ. ನಿರ್ಣಾಯಕವಾದದ್ದು ಗಂಡಿನ ಜನನಾಂಗದ ರಚನೆ. ಅದನ್ನು ನೋಡಬೇಕಾದರೆ ಹೊಟ್ಟೆಯ ಭಾಗವನ್ನು ಬೇರ್ಪಡಿಸಿ, 10 ಪ್ರತಿಶತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸ್ನಾಯುಗಳನ್ನು ಕರಗಿಸಬೇಕು. ಬಿಸಿ ಮಾಡಿದ ಲ್ಯಾಕ್ಟಿಕ್ ಆಮ್ಲದಿಂದಲೂ ಇದು ಆಗುತ್ತದೆ. ಅದರಲ್ಲಿ ಮೃದುವಾದ ಪೊರೆಗಳು ಕೆಡುವ ಭಯ ಕಡಿಮೆಯಾದ್ದರಿಂದ ನಾನು ಅದನ್ನೇ ನೆಚ್ಚಿಕೊಂಡಿದ್ದೇನೆ. ಸ್ವಚ್ಛವಾದ ಭಾಗವನ್ನು ಕುಳಿಯಿರುವ ಸ್ಲೈಡಿನ ಮೇಲೆ ಗ್ಲಿಸರಿನ್‌ನಲ್ಲಿಟ್ಟರೆ, ಸೂಜಿಯ ತುದಿಯಿಂದ ಬೇಕಾದ ಕಡೆಗೆ ತಿರುಗಿಸಿ ನೋಡಬಹುದು. ನೋಡಿ ಮುಗಿದ ಮೇಲೆ ಅದನ್ನು ಪುಟ್ಟ ಸೀಸೆಗೆ ಹಾಕಿ, ಆ ಸೀಸೆಯನ್ನು ಅದೇ ಕೀಟದ ದೇಹವಿರುವ ಸೀಸೆಯೊಳಗೆ ಇಡಬೇಕು. ಈ ಶಿಸ್ತು ತಪ್ಪಿದರೆ ಯಾವ ಬಾಲ ಯಾವ ತಲೆಯದು ಎಂದು ಆಮೇಲೆ ಹೇಳಲು ಯಾರಿಂದಲೂ ಆಗದು.

ನಮ್ಮ ಹಳ್ಳದ ಗಂಡುಗಳಲ್ಲಿ ನನ್ನ ಗಮನ ಸೆಳೆದದ್ದು ಎರಡು ಸಂಗತಿಗಳು. ಹತ್ತನೆಯ ಖಂಡದ ಪಕ್ಕದ ಹಾಳೆಯಂಥ ಭಾಗಗಳ ತುದಿ ಕೊಕ್ಕೆಯಾಗಿ ಕೆಳಕ್ಕೆ ಬಾಗಿತ್ತು; ಶಿಶ್ನದ ಒಳಪೊರೆಯಲ್ಲಿ ಉದ್ದದಲ್ಲಿ ಸಮವಲ್ಲದ ಎರಡು ಮುಳ್ಳುಗಳಿದ್ದವು. ಎರಡನೆಯ ಲಕ್ಷಣವನ್ನು ನಂಬುವ ಮೊದಲು ಬಹಳ ಯೋಚಿಸಬೇಕಾಯಿತು. ಈ ಒಳಪೊರೆ ಅಂಗಿಯ ತೋಳಿನ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ, ಹೊರಕ್ಕೂ ತಿರುವಿಕೊಳ್ಳುತ್ತದೆ. ಕೀಟ ಸಾಯುವ ಹೊತ್ತಿಗೆ ಅದು ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ಮುಳ್ಳುಗಳು ಕಾಣುವ ಜಾಗ ಬದಲಾಗುತ್ತದೆ. ಒಂದೇ ಪ್ರಭೇದದ ಎರಡು ಗಂಡುಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಒಂದರಲ್ಲಿ ಮುಳ್ಳುಗಳು ಬುಡದಲ್ಲೂ ಇನ್ನೊಂದರಲ್ಲಿ ತುದಿಯಾಚೆಗೂ ಕಂಡು, ಇವು ಬೇರೆ ಬೇರೆ ಎನಿಸಿಬಿಡಬಹುದು. ಆದ್ದರಿಂದ ಬೇರೆ ಬೇರೆ ರಾತ್ರಿಗಳಲ್ಲಿ ಸಿಕ್ಕ ಗಂಡುಗಳನ್ನೆಲ್ಲ ಸ್ವಚ್ಛಗೊಳಿಸಿ, ಪೊರೆ ಒಳಗಿರುವವು, ಹೊರಗಿರುವವು ಎಂದು ವಿಂಗಡಿಸಿ, ಮುಳ್ಳುಗಳ ಜಾಗವನ್ನು ಬಿಟ್ಟು ಅವುಗಳ ಸಂಖ್ಯೆಯನ್ನೂ ಪರಸ್ಪರ ಉದ್ದವನ್ನೂ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಅವೆರಡೂ ಎಲ್ಲ ಗಂಡುಗಳಲ್ಲಿ ಒಂದೇ ತೆರನಾಗಿದ್ದವು. ಒಂದೇ ಒಂದು ಗಂಡನ್ನು ನೋಡಿ ಹೊಸ ಪ್ರಭೇದವನ್ನು ಪ್ರಕಟಿಸುವವರಿದ್ದಾರೆ. ನಿಯಮಕ್ಕೆ ಅದು ವಿರುದ್ಧವೂ ಅಲ್ಲ. ಆದರೂ ಈ ಕುಲದ ಮಟ್ಟಿಗೆ ನಾನು ಆ ಸಾಹಸಕ್ಕೆ ಕೈಹಾಕಲಾರೆ.

ಚಿತ್ರ ಬರೆಯುವುದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಈಗಿನ ಕ್ಯಾಮೆರಾಗಳು ಒಳ್ಳೆಯ ಫೋಟೊ ಕೊಡುತ್ತವೆ ನಿಜ, ಆದರೆ ಪಾರದರ್ಶಕವಾದ ಜನನಾಂಗದ ಫೋಟೊದಲ್ಲಿ ಮುಂದಿನ ಅಂಚು, ಹಿಂದಿನ ಅಂಚು ಒಂದರ ಮೇಲೊಂದು ಬಿದ್ದು, ಯಾವುದು ಯಾವುದರ ಭಾಗವೆಂದು ತಿಳಿಯುವುದಿಲ್ಲ. ರೇಖಾಚಿತ್ರದಲ್ಲಿ ಅದನ್ನು ನಾವೇ ತೀರ್ಮಾನಿಸಿ ಬರೆಯಬೇಕಾಗುತ್ತದೆ, ಹಾಗಾಗಿ ರಚನೆ ಪೂರ್ತಿಯಾಗಿ ಅರ್ಥವಾಗದೆ ಗೆರೆ ಎಳೆಯಲು ಬರುವುದೇ ಇಲ್ಲ. ಬಿಂಬವನ್ನು ಕಾಗದದ ಮೇಲೆ ಬಿದ್ದಂತೆ ತೋರಿಸುವ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ಲೂಸಿಡಾದ ಮೂಲಕ ಮೊದಲು ಪೆನ್ಸಿಲ್‌ನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗೆರೆಗಳನ್ನು ತಿದ್ದಿದೆ. ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಕಾಣುವಂತೆ ಮೂರು ನೋಟಗಳು ಬೇಕು. ಶಿಶ್ನದ ಚಿತ್ರ ಪ್ರತ್ಯೇಕವಾಗಿರಬೇಕು. ಮಾದರಿ ಸ್ವಲ್ಪ ವಾಲಿದರೂ ಕೊಕ್ಕೆಯ ಬಾಗು ಬೇರೆಯಾಗಿ ಕಾಣುತ್ತದೆ. ಗ್ಲಿಸರಿನ್‌ನಲ್ಲಿ ಅದು ಅಲುಗದಂತೆ ನಿಲ್ಲಿಸಲು ಹತ್ತಿಯ ಎಳೆಗಳನ್ನು ಒತ್ತುಕೊಟ್ಟು ಇಡುತ್ತಿದ್ದೆ.

ಮುಂದಿನ ಹೆಜ್ಜೆ ಹಳೆಯ ವಿವರಣೆಗಳೊಂದಿಗೆ ಹೋಲಿಸುವುದು. ಭಾರತದ ಕ್ಯಾಡಿಸ್ ಕೀಟಗಳ ಬಗ್ಗೆ ಮಾರ್ಟಿನ್ ಮೋಸ್ಲಿ 1930ರ ದಶಕದಲ್ಲಿ ಬರೆದರು. ಆಮೇಲೆ ಫೆರ್ನಾಂಡ್ ಶ್ಮಿಡ್ ಈ ದೇಶದಲ್ಲಿ ಸುತ್ತಾಡಿ ಅಪಾರ ಸಂಗ್ರಹ ಮಾಡಿ ನೂರಾರು ಪ್ರಭೇದಗಳನ್ನು ವಿವರಿಸಿದರು. ಮೋಸ್ಲಿಯವರ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಮನೆಯಲ್ಲಿ ಕುಳಿತು ಮೊದಲು ಮಾಡಬಹುದಾದದ್ದು, ಜಾನ್ ಮೋರ್ಸ್ ಆರಂಭಿಸಿದ ಟ್ರೈಕಾಪ್ಟೆರಾ ವರ್ಲ್ಡ್ ಚೆಕ್‌ಲಿಸ್ಟ್‌ನಿಂದ ಭಾರತ ಮತ್ತು ಶ್ರೀಲಂಕಾದ ಚಿಮರ್ರಾಗಳ ಪಟ್ಟಿ ತೆಗೆದು, ಒಂದೊಂದರ ಮೂಲ ಪ್ರಬಂಧವನ್ನೂ ಹುಡುಕಿ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳುವುದು. ಶ್ರೀಲಂಕಾವನ್ನು ಬಿಟ್ಟರೆ ಹೋಲಿಕೆ ಅರ್ಧಂಬರ್ಧವಾಗುತ್ತದೆ, ಏಕೆಂದರೆ ಪಶ್ಚಿಮ ಘಟ್ಟಕ್ಕೂ ಆ ದ್ವೀಪಕ್ಕೂ ಪ್ರಾಣಿಸಂಕುಲದಲ್ಲಿ ಹತ್ತಿರದ ನಂಟಿದೆ. ಹಳೆಯ ಚಿತ್ರ ಅಸ್ಪಷ್ಟವಾಗಿದ್ದ ಕಡೆ, ಆ ಮಾದರಿ ಇರುವ ಸಂಗ್ರಹಾಲಯಕ್ಕೆ ಪತ್ರ ಬರೆದು ಫೋಟೊ ಕೇಳಬೇಕು. ಉತ್ತರಕ್ಕೆ ಕಾಯುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರಬಾರದು ಎಂದೇ ನನ್ನ ಅಭಿಪ್ರಾಯ.

ಹೆಸರಿನ ವಿಷಯದಲ್ಲಿ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯನ್ನು ಪಾಲಿಸಬೇಕು. 1999ರ ನಂತರ ಪ್ರಕಟವಾಗುವ ಹೆಸರು ಊರ್ಜಿತವಾಗಬೇಕಾದರೆ ಅದು ಹೊಸದೆಂದು ಸ್ಪಷ್ಟವಾಗಿ ಹೇಳಿರಬೇಕು. ಹೋಲೊಟೈಪ್ (ಹೆಸರಿಗೆ ಆಧಾರವಾಗಿ ಗೊತ್ತುಪಡಿಸಿದ ಒಂದೇ ಮಾದರಿ) ಯಾವುದು, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂಬುದನ್ನೂ ನಮೂದಿಸಿರಬೇಕು. ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ. ಇದಲ್ಲದೆ, ಭಾರತದ ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೇ ಒಪ್ಪಿಸಬೇಕು. ನಾನು ಆರಿಸಿಕೊಂಡದ್ದು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯನ್ನು. ಪಳನಿ ಬೆಟ್ಟಗಳ ಒಂದು ಕ್ಯಾಡಿಸ್ ಕೀಟಕ್ಕೆ ಸ್ಟೆನೋಪ್ಸೈಕೆ ಕೊಡೈಕನಾಲೆನ್ಸಿಸ್ ಎಂದು ಊರಿನ ಹೆಸರಿಟ್ಟಿರುವ ಹಾಗೆಯೇ ನಮ್ಮ ಕೀಟಕ್ಕೂ ಅದು ಸಿಕ್ಕ ಹಳ್ಳದ ಹೆಸರನ್ನಿಡಲು ನಿರ್ಧರಿಸಿದ್ದೇವೆ. ಪ್ರಬಂಧ ಇನ್ನೂ ವಿಮರ್ಶಕರ ಕೈಯಲ್ಲಿರುವುದರಿಂದ ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ವಿವರಣೆ ಪ್ರಕಟವಾಗುವ ಮುನ್ನವೇ ಹೆಸರು ಹೊರಬಿದ್ದರೆ ಅದಕ್ಕೆ ಸಂಹಿತೆಯಲ್ಲಿ ಮಾನ್ಯತೆ ಇರುವುದಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ವಿಮರ್ಶಕರೊಬ್ಬರು ಹೆಣ್ಣಿನ ವಿವರಣೆಯನ್ನೂ ಸೇರಿಸುವಂತೆ ಕೇಳಿದ್ದಾರೆ. ಅದೇ ತಟ್ಟೆಗೆ ಬಿದ್ದ ಹೆಣ್ಣುಗಳು ನಮ್ಮಲ್ಲಿವೆ, ಆದರೆ ಆ ಹಳ್ಳದಲ್ಲಿ ಇನ್ನೊಂದು ಚಿಮರ್ರಾ ಕೂಡ ಇರುವುದರಿಂದ ಯಾವ ಹೆಣ್ಣು ಯಾವ ಪ್ರಭೇದದ್ದು ಎಂದು ನೋಟದಿಂದಲೇ ನಿರ್ಧರಿಸುವುದು ಸರಿಯಲ್ಲ. ಇದಕ್ಕಾಗಿ ಗಂಡು, ಹೆಣ್ಣುಗಳೆರಡರಿಂದಲೂ ಒಂದೊಂದು ಕಾಲನ್ನು 95 ಪ್ರತಿಶತ ಎಥನಾಲ್‌ನಲ್ಲಿ ತೆಗೆದಿಟ್ಟಿದ್ದೇವೆ. ಪ್ರಭೇದಗಳನ್ನು ಡಿಎನ್‌ಎಯಿಂದ ಗುರುತಿಸಲು ಬಳಸುವ ಸಿಒಐ ಜೀನಿನ 658 ಅಕ್ಷರಗಳ ಬಾರ್‌ಕೋಡ್ ಭಾಗ ಎರಡರಲ್ಲೂ ಹೊಂದಿದರೆ ಹೆಣ್ಣನ್ನೂ ಧೈರ್ಯವಾಗಿ ವಿವರಿಸಬಹುದು. ಮರಿಹುಳುವಿಗೂ ಇದೇ ದಾರಿ. ಬಾರ್‌ಕೋಡಿಗೆ ಹಣವಿಲ್ಲದವರು ಬಲಿತ ಕೋಶವನ್ನು (ಪ್ಯೂಪಾ) ಹುಡುಕಬೇಕು: ಮರಿಹುಳು ಕಳಚಿದ ಪೊರೆಯ ಗಟ್ಟಿ ಭಾಗಗಳು ಹಲವು ಬಾರಿ ಆ ಗೂಡಿನಲ್ಲೇ ಉಳಿದಿರುತ್ತವೆ, ಒಳಗಿನ ಗಂಡಿನ ಜನನಾಂಗವೂ ಆಗಲೇ ರೂಪುಗೊಂಡಿರುತ್ತದೆ. ನಾವು ಕಲ್ಲುಗಳನ್ನು ಮಗುಚಿ ಅಂಥ ಕೋಶಗಳನ್ನೂ ಹುಡುಕುತ್ತಿದ್ದೇವೆ. ಮಳೆಗಾಲದ ಕೆಂಪು ನೀರಿನಲ್ಲಿ ಅದು ಸಾಧ್ಯವಿಲ್ಲದ ಕಾರಣ, ಮರಿಹುಳುವಿನ ವಿವರಣೆಯನ್ನು ಬೇರೊಂದು ಪ್ರಬಂಧಕ್ಕೆ ಬಿಡುವುದಾಗಿ ಸಂಪಾದಕರಿಗೆ ತಿಳಿಸಿದ್ದೇನೆ.