ಹೆಚ್ಚಿದ ಕರ್ಬೂಜ, ಕಲ್ಲಂಗಡಿ ನೀರೊಡೆಯದಂತೆ ಇಡುವುದು

ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ತಳ್ಳುಗಾಡಿಯಿಂದ ತಂದ ಕರ್ಬೂಜ ಮುಟ್ಟಿದರೇ ಬೆಚ್ಚಗಿರುತ್ತದೆ. ಬಂದ ತಕ್ಷಣ ಹೆಚ್ಚಿ ಫ್ರಿಜ್ಜಿಗೆ ತುಂಬಿದರೆ ಡಬ್ಬಿಯ ನಡುವಿನ ಹೋಳು ತಣ್ಣಗಾಗಲು ತಾಸುಗಟ್ಟಲೆ ಬೇಕು. ಅಷ್ಟರಲ್ಲಿ ಅದು ಮೆತ್ತಗಾಗಿ ರಸ ಬಿಟ್ಟಿರುತ್ತದೆ. ಇಡೀ ಹಣ್ಣು ನೆರಳಲ್ಲಿ ಆರಲಿ. ತೊಳೆದು, ಒರೆಸಿ, ನಾಲ್ಕೈದು ತಾಸು ಫ್ರಿಜ್ಜಿನಲ್ಲಿಟ್ಟು ಆಮೇಲೆ ಹೆಚ್ಚಿ.

ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕರ್ಬೂಜದ ಬಲೆಬಲೆ ಸಿಪ್ಪೆಯಲ್ಲಿ ಹೊಲದ ಮಣ್ಣು ಕೂತಿರುತ್ತದೆ, ಚಾಕು ಅದನ್ನು ನೇರ ತಿರುಳಿಗೆ ಒಯ್ಯುತ್ತದೆ. ನಳದ ಕೆಳಗೆ ಹಿಡಿದು ಬ್ರಷ್‌ನಿಂದ ಉಜ್ಜಿ, ಸೋಪು ಬೇಡ. ಬಕೆಟ್ಟಿನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ: ಬಿಸಿ ಹಣ್ಣು ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟು ಕಳಚಿದ ಜಾಗದಿಂದ ಆ ಕೊಳೆ ನೀರನ್ನೇ ಎಳೆದುಕೊಳ್ಳುತ್ತದೆ. ಕರ್ಬೂಜದಲ್ಲಿ ಹುಳಿ ಅಂಶ ತೀರಾ ಕಡಿಮೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರ ಮೇಲೆಯೇ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ತಡೆಯಲು ಅಲ್ಲಿ ಏನೂ ಇಲ್ಲ. ಕೋಣೆ 32 ಡಿಗ್ರಿ ದಾಟಿದ್ದರೆ ಹೆಚ್ಚಿದ ಹಣ್ಣು ಹೊರಗಿರಬಹುದಾದದ್ದು ಒಂದೇ ತಾಸು. ನಮ್ಮ ಕಡೆ ಬೇಸಿಗೆಯಲ್ಲಿ ಅಡುಗೆಮನೆ ರಾತ್ರಿಯೂ ಅದನ್ನು ದಾಟುತ್ತದೆ.

ಚಾಕು ಹರಿತವಾಗಿರಲಿ. ಮೊಂಡು ಚಾಕು ತಿರುಳನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆಯಿಂದಲೇ ರಸ ಸೋರುವುದು ಶುರು. ಬೀಜದ ಸುತ್ತಲಿನ ಲೋಳೆಯನ್ನು ಚಮಚದಿಂದ ಪೂರ್ತಿ ಕೆರೆದು ತೆಗೆಯಿರಿ. ಹೋಳು ಒಂದೂವರೆ ಇಂಚಿಗಿಂತ ಸಣ್ಣದು ಬೇಡ, ಸಣ್ಣದಾದಷ್ಟೂ ರಸ ಬಿಡುವ ಮೈ ಹೆಚ್ಚು. ಉಪ್ಪು, ಸಕ್ಕರೆ, ಚಾಟ್ ಮಸಾಲೆ ಎಲ್ಲ ತಿನ್ನುವ ಹೊತ್ತಿಗೆ, ಮೊದಲೇ ಉದುರಿಸಿದರೆ ಹಣ್ಣಿನ ನೀರನ್ನು ಹೊರಗೆಳೆಯುತ್ತವೆ.

ತಳದಲ್ಲಿ ನಿಂತ ರಸದಲ್ಲಿ ಮುಳುಗಿದ ಹೋಳು ಮೊದಲು ಕೆಡುತ್ತದೆ. ಅಗಲದ ಸ್ಟೀಲ್ ಡಬ್ಬಿಯಲ್ಲಿ ಕುಕ್ಕರಿನ ತೂತಿನ ತಟ್ಟೆ ಹಾಕಿ, ಅದರ ಮೇಲೆ ಎರಡೇ ಪದರ ಹೋಳು ಜೋಡಿಸಿ, ಬಿಗಿ ಮುಚ್ಚಳ ಹಾಕಿ. ಕೆಳಗೆ ಇಳಿದ ರಸವನ್ನು ದಿನಾ ಬಸಿಯಿರಿ. ಮುಚ್ಚಳ ಸಡಿಲವಿದ್ದರೆ ಬೆಳ್ಳುಳ್ಳಿ ಚಟ್ನಿಯ ವಾಸನೆ ಹಣ್ಣಿಗೆ, ಕರ್ಬೂಜದ ವಾಸನೆ ಹಾಲಿಗೆ. ಕಲ್ಲಂಗಡಿಯನ್ನೂ ಕರ್ಬೂಜವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಡಿ.

ಫ್ರಿಜ್ಜು 4 ಡಿಗ್ರಿ ಸುತ್ತ ಇರಬೇಕು. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಹೋಳು ಹೆಪ್ಪುಗಟ್ಟಿ, ಹೊರಗೆ ತೆಗೆದಾಗ ನೀರಾಗುತ್ತದೆ. ನಡುವಿನ ಹಲಗೆಯೇ ಸರಿ. ರುಚಿ ಎರಡು ದಿನ ಚೆನ್ನಾಗಿರುತ್ತದೆ, ಮೂರನೆಯ ದಿನ ಮುಗಿಸಿಬಿಡಿ. ಕೈಗೆ ಜಾರುವ ಲೋಳೆ, ಹುಳಿ ವಾಸನೆ, ಸಣ್ಣ ಗುಳ್ಳೆ ಕಂಡರೆ ಎಸೆಯಿರಿ. ಕರೆಂಟ್ ನಾಲ್ಕು ತಾಸಿಗಿಂತ ಹೆಚ್ಚು ಹೋಗಿದ್ದರೆ ವಾಸನೆ ನೋಡುತ್ತ ಕೂರದೆ ಎಸೆದುಬಿಡಿ, ರೋಗ ತರುವ ಬ್ಯಾಕ್ಟೀರಿಯಾಕ್ಕೆ ವಾಸನೆ ಇರಲೇಬೇಕೆಂದಿಲ್ಲ.

ಮೂರು ದಿನದಲ್ಲಿ ಮುಗಿಯದಷ್ಟು ಹಣ್ಣಿದ್ದರೆ ಹೆಚ್ಚಿದ ದಿನವೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ಕರಗಿದ ಮೇಲೆ ಅದು ಹೋಳಾಗಿ ಉಳಿಯುವುದಿಲ್ಲ. ಕರಗುವ ಮೊದಲೇ ಮಿಕ್ಸಿಗೆ ಹಾಕಿದರೆ ಬರ್ಫ ಬೇಡದ ಜ್ಯೂಸು.