ಇಂಟರ್‌ವ್ಯೂಗೆ ಯಾವ ಬ್ಯಾಗ್? ಬ್ಯಾಗ್ ರಿಪೇರಿಯವರ ಮಗಳನ್ನು ಕೇಳಿ

ಕಳೆದ ವಾರ ಚಿಕ್ಕಪ್ಪನ ಮಗಳು ದಾವಣಗೆರೆಯಿಂದ ಫೋನ್ ಮಾಡಿದ್ದಳು. "ಅಕ್ಕಾ, ಸೋಮವಾರ ಬೆಂಗಳೂರಲ್ಲಿ ಇಂಟರ್‌ವ್ಯೂ ಐತೆ. ಬ್ಯಾಗ್ ಯಾವ್ದು ತಗೊಳ್ಳಲಿ? ಆನ್‌ಲೈನಲ್ಲಿ ಎರಡು ಸಾವಿರದ್ದೊಂದು ನೋಡಿದೀನಿ." ಎರಡು ಸಾವಿರ ಎಂದಾಕ್ಷಣ ನನ್ನೊಳಗಿನ ಅಪ್ಪ ಎದ್ದು ಕೂತರು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಅಪ್ಪನದು ದಾವಣಗೆರೆಯ ಮಂಡಿಪೇಟೆ ಕಡೆ ಬ್ಯಾಗ್ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಹಾಳಾದ ಚೈನ್‌ಗಳ ಹೊಲಿಗೆ ಬಿಚ್ಚುವುದು ನನ್ನ ಕೆಲಸವಾಗಿತ್ತು. ಈಗ ಹತ್ತು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್‌ನಲ್ಲಿದ್ದೇನೆ. ಬಂದವರ ಬಯೋಡೇಟಾಗಿಂತ ಮೊದಲು ಅವರ ಬ್ಯಾಗಿನ ಹೊಲಿಗೆ ಕಣ್ಣಿಗೆ ಬೀಳುತ್ತದೆ. ಏನು ಮಾಡಲಿ, ಹುಟ್ಟಿನ ಚಟ.

ಬ್ಯಾಗ್ ನೋಡಿ ನಾನು ಯಾರನ್ನೂ ತಗೊಂಡಿಲ್ಲ, ಯಾರನ್ನೂ ಬಿಟ್ಟಿಲ್ಲ. ಆದರೆ ಬ್ಯಾಗಿನ ಜೊತೆ ಗುದ್ದಾಡಿ, ಮೊದಲ ಐದು ನಿಮಿಷದಲ್ಲೇ ಬೆವೆತು, ಆಮೇಲೆ ಗೊತ್ತಿರುವ ಉತ್ತರವನ್ನೂ ತಪ್ಪು ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಕೇಳಿದ ಕಾಗದ ಒಂದೇ ಸಲಕ್ಕೆ ಕೈಗೆ ಸಿಗಬೇಕು. ಕೆಳಗಿಟ್ಟರೆ ಬೀಳದೆ ನಿಲ್ಲಬೇಕು. ಇಷ್ಟು ಮಾಡುವ ಬ್ಯಾಗ್ ಯಾವುದಾದರೂ ಸರಿ.

ನನ್ನದೇ ಕಥೆ ಕೇಳಿ. ಊರಿಗೆಲ್ಲ ಬ್ಯಾಗ್ ಹೊಲಿದು ಕೊಡುವ ಮನೆಯಲ್ಲಿ ನನಗೊಂದು ನೆಟ್ಟಗಿನ ಬ್ಯಾಗ್ ಇರಲಿಲ್ಲ. ಮೊದಲ ಇಂಟರ್‌ವ್ಯೂಗೆ ಹೋಗಿದ್ದು ಸೋದರತ್ತೆ ಮಗನ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ ಹಿಡಿದು. ಕುರ್ಚಿ ಪಕ್ಕ ಇಟ್ಟೆ. ಮೆತ್ತಗೆ ಕುಸಿದು, ಮಾರ್ಕ್ಸ್ ಕಾರ್ಡ್‌ಗಳೆಲ್ಲ ಮೇಜಿನ ಕೆಳಗೆ ಹರಡಿದವು. ಬಗ್ಗಿ ಆರಿಸಿ ಕೊಟ್ಟರೆ, ಮೊದಲ ಪುಟದ ತುದಿಯಲ್ಲಿ ಅರಿಸಿನದ ಕಲೆ. ಎದುರಿಗಿದ್ದವರು ಚೀಲದ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದಿ, "ಯಾರ ಮದುವೆಯಮ್ಮಾ?" ಎಂದರು. ಆ ಕೆಲಸ ಸಿಗಲಿಲ್ಲ. ಚೀಲದಿಂದ ಅಲ್ಲ ಬಿಡಿ, ನನಗೆ ಎಕ್ಸೆಲ್ ಬರುತ್ತಿರಲಿಲ್ಲ.

ಮೊದಲು ಫೈಲು, ಆಮೇಲೆ ಬ್ಯಾಗು

ಬಹಳ ಜನ ಬ್ಯಾಗ್ ತಂದು, ಆಮೇಲೆ ಅದರೊಳಗೆ ಫೈಲ್ ತುರುಕಲು ನೋಡುತ್ತಾರೆ. ಉಲ್ಟಾ ಮಾಡಿ. ನಿಮ್ಮ ಕಾಗದಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದು ನೋಡಿ. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಲೀಗಲ್ ಹಾಳೆ ಸುಮಾರು 35.6 ಉದ್ದ. ಕೆಲವರ ಹಳೆಯ ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರ ಎ4ಗಿಂತ ದೊಡ್ಡದಿರುತ್ತವೆ. ಅವನ್ನು ಮಡಚುವ ಹಾಗಿಲ್ಲ. ಮೇಲೆ ಪ್ಲಾಸ್ಟಿಕ್ ಫೈಲಿನ ಅಂಚು ಬೇರೆ ಸೇರುತ್ತದೆ. ಹಾಗಾಗಿ ಎ4 ಫೈಲಿಗೂ ಬ್ಯಾಗಿನ ಒಳಗೆ ಕಡಿಮೆಯೆಂದರೆ 34 ಸೆಂಟಿಮೀಟರ್ ಜಾಗ ಬೇಕು. ಒಳಗಿನ ಅಳತೆ ನೋಡಿ. ಆನ್‌ಲೈನಲ್ಲಿ ಹಾಕಿರುವುದು ಹೆಚ್ಚಾಗಿ ಹೊರಗಿನದು.

ಲ್ಯಾಪ್‌ಟಾಪ್ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. 15.6 ಇಂಚು ಎಂದರೆ ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ, ಅಗಲ ಅಲ್ಲ. ಆ ಲ್ಯಾಪ್‌ಟಾಪಿನ ಅಗಲ ಸುಮಾರು 36 ಸೆಂಟಿಮೀಟರ್. ಆದರೆ ಲ್ಯಾಪ್‌ಟಾಪ್ ತನ್ನಿ ಎಂದು ಅವರು ಹೇಳದಿದ್ದರೆ ಸುಮ್ನೆ ಹೊರಬೇಡಿ. ಟೆಕ್ ಪಾರ್ಕ್‌ಗಳಲ್ಲಿ ಗೇಟಿನಲ್ಲೇ ಅದರ ಸೀರಿಯಲ್ ನಂಬರ್ ಬರೆಸಿಕೊಳ್ಳುವುದು ಮಾಮೂಲು. ಹಿಂದೆ ಹತ್ತು ಜನ ಕಾಯುತ್ತಿರುವಾಗ ನೀವು ಅದನ್ನು ಬೋರಲು ಹಾಕಿ ಸಣ್ಣ ಅಕ್ಷರ ಓದುತ್ತಾ ನಿಲ್ಲಬೇಕು.

ಅಂಗಡಿಗೆ ಹೋಗುವಾಗ ಫೈಲ್ ಜೊತೆಯಲ್ಲೇ ಇರಲಿ. ಅಂಗಡಿಯವನ ಮುಂದೆಯೇ ಒಳಗೆ ಹಾಕಿ, ಚೈನ್ ಎಳೆಯಿರಿ. ಮೂಲೆಯಲ್ಲಿ ಫೈಲ್ ಬಗ್ಗಿದರೆ ಆ ಬ್ಯಾಗ್ ಬೇಡ. ಆಮೇಲೆ ನೆಲದ ಮೇಲೆ ನಿಲ್ಲಿಸಿ ಕೈ ಬಿಡಿ. ಬಿದ್ದರೆ ಅದೂ ಬೇಡ. ಈ ಎರಡರಲ್ಲೇ ಅಂಗಡಿಯ ಅರ್ಧ ಮಾಲು ಫೇಲಾಗುತ್ತದೆ.

ಅಪ್ಪ ನೋಡುವ ರೀತಿ

ಅಪ್ಪ ಬ್ಯಾಗನ್ನು ಮುಂದಿನಿಂದ ನೋಡುವುದೇ ಇಲ್ಲ. ಒಳಗೆ ಕೈ ಹಾಕಿ ಬಟ್ಟೆಯನ್ನು ಹೊರಳಿಸಿ, ಹೊಲಿಗೆಯ ಅಂಚು ನೋಡುತ್ತಾರೆ. ಅಲ್ಲಿ ಪಟ್ಟಿ ಇಟ್ಟು ಮುಚ್ಚಿ ಹೊಲಿದಿದ್ದರೆ ಸರಿ. ಬಟ್ಟೆಯ ನೂಲು ಹಾಗೇ ಬಿಟ್ಟಿದ್ದರೆ, "ಇದು ಆರು ತಿಂಗಳಿಗೆ ನನ್ನ ಹತ್ರ ಬರ್ತದೆ" ಎನ್ನುತ್ತಾರೆ. ಆಮೇಲೆ ಹೆಗಲಿಗೆ ಹಾಕುವ ಪಟ್ಟಿ ಬ್ಯಾಗಿಗೆ ಸೇರುವ ಜಾಗ. ಅಲ್ಲಿ ಒಂದು ಚೌಕ, ಚೌಕದೊಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ ಹೊಲಿಗೆ ಇರಬೇಕು. ಭಾರವೆಲ್ಲ ಬೀಳುವುದು ಅಲ್ಲೇ. ಒಂದೇ ಸಾಲು ಹೊಲಿಗೆ ಹಾಕಿದ್ದು ಕಿತ್ತುಬರುವುದು ಬಸ್ಸು ಹತ್ತುವಾಗಲೇ.

ಇನ್ನು ಚೈನ್. ಅಪ್ಪನ ಅಂಗಡಿಗೆ ಬರುವ ಬ್ಯಾಗುಗಳಲ್ಲಿ ಬಟ್ಟೆ ಹರಿದು ಬಂದವು ಕಡಿಮೆ, ಚೈನ್ ಕೆಟ್ಟು ಬಂದವೇ ಜಾಸ್ತಿ. ಚೈನ್‌ಗೆ ನಂಬರ್ ಇರುತ್ತದೆ: 3, 5, 8, 10. ನಂಬರ್ ದೊಡ್ಡದಾದಷ್ಟು ಹಲ್ಲಿನ ಸಾಲು ಅಗಲ. ಬ್ಯಾಗಿನ ಮುಖ್ಯ ಬಾಯಿಗೆ 8 ಅಥವಾ 10 ಇದ್ದರೆ ನಿಶ್ಚಿಂತೆ. 5 ಹೊರಗಿನ ಸಣ್ಣ ಜೇಬಿಗೆ ಸಾಕು. ಚೈನ್ ಮೇಲೆ ಓಡಾಡಿ ಅದನ್ನು ಮುಚ್ಚುವ ಕೆಲವು ರನ್ನರ್‌ಗಳ ಹಿಂದೆ ಈ ನಂಬರ್ ಕೊರೆದಿರುತ್ತದೆ. ವೈಕೆಕೆ ಎಂಬ ಅಕ್ಷರ ಕಂಡರೆ ಅದು 1934ರಲ್ಲಿ ಶುರುವಾದ ಜಪಾನಿನ ಕಂಪನಿಯದು, ಚೈನ್ ಚೆನ್ನಾಗಿರುತ್ತದೆ. ಆದರೆ ಆ ಮೂರು ಅಕ್ಷರವನ್ನು ನಕಲಿ ಮಾಡುವವರೂ ಇದ್ದಾರೆ. ಅದಕ್ಕೇ ಅಕ್ಷರಕ್ಕಿಂತ ಕೈಯನ್ನು ನಂಬಿ. ಮೂಲೆಯ ತಿರುವಿನಲ್ಲಿ ಒಂದೇ ಕೈಯಲ್ಲಿ ಹತ್ತು ಸಲ ಎಳೆದು ನೋಡಿ. ಇಂಟರ್‌ವ್ಯೂ ಕೋಣೆಯಲ್ಲಿ ಎರಡು ಕೈ, ಒಂದು ಮೊಣಕಾಲು ಬೇಕಾದರೆ ಕಷ್ಟ ಅಲ್ವಾ?

ಮನೆಯಲ್ಲಿರುವ ಬ್ಯಾಗೇ ಚೆನ್ನಾಗಿದ್ದು ಚೈನ್ ಮಾತ್ರ ಬಾಯಿ ಬಿಡುತ್ತಿದ್ದರೆ, ದಯವಿಟ್ಟು ಎಸೆಯಬೇಡಿ. ಎಳೆದು ಮುಚ್ಚಿದ ಚೈನ್ ರನ್ನರ್ ಹಿಂದೆಯೇ ಮತ್ತೆ ತೆರೆದುಕೊಂಡರೆ ಹೆಚ್ಚಿನ ಸಲ ತಪ್ಪು ಹಲ್ಲಿನದಲ್ಲ, ರನ್ನರ್‌ನದು. ಎಳೆದೆಳೆದು ಅದರ ಬಾಯಿ ಅಗಲವಾಗಿರುತ್ತದೆ. ರನ್ನರನ್ನು ಚೈನಿನ ಶುರುವಿಗೆ ತಂದು, ಅದರ ಹಿಂಭಾಗದ ಎರಡೂ ಬದಿಯನ್ನು ಇಕ್ಕಳದಿಂದ ಒಂದೊಂದಾಗಿ, ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಮುರಿಯುತ್ತದೆ. ಚೈನ್ ಬಿಗಿಯಾಗಿ ಓಡುತ್ತಿದ್ದರೆ ಮೇಣದಬತ್ತಿ ಉಜ್ಜಿ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಹಿಡಿದು ಕಾಗದಕ್ಕೆ ಮೆತ್ತುತ್ತದೆ. ಇದಕ್ಕೂ ಬಗ್ಗದಿದ್ದರೆ ರಿಪೇರಿಯವರ ಹತ್ತಿರ ರನ್ನರ್ ಬದಲಿಸಿ. ಹೊಸ ಬ್ಯಾಗಿನ ದುಡ್ಡಿನ ಮುಂದೆ ಅದು ಏನೂ ಅಲ್ಲ.

ರೆಕ್ಸಿನ್ ಬ್ಯಾಗ್ ಇರುವವರಿಗೆ ಒಂದು ಮಾತು. ಲೆದರ್ ಹಾಗೆ ಕಾಣುವ ಆ ಕಪ್ಪು ಬ್ಯಾಗುಗಳಲ್ಲಿ ಹೆಚ್ಚಿನವು ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಹಚ್ಚಿದವು. ಗಾಳಿಯ ತೇವ ಆ ಪದರವನ್ನು ನಿಧಾನಕ್ಕೆ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ಅಷ್ಟೇ. ಎರಡು ಮೂರು ಮಳೆಗಾಲ ಕಳೆದ ಮೇಲೆ ಹೊರಗೆ ತೆಗೆದರೆ ಕಪ್ಪು ಹೊಟ್ಟು ಉದುರುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಆ ಹೊಟ್ಟು ಹೇಗೆ ಕಾಣುತ್ತದೆ, ನೀವೇ ಊಹಿಸಿ. ಹಿಂದಿನ ದಿನವೇ ಬಿಳಿ ಬಟ್ಟೆಯಿಂದ ಪಟ್ಟಿಯನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಆ ಬ್ಯಾಗಿಗೆ ಕೈ ಮುಗಿಯಿರಿ. ನಿಜವಾದ ಲೆದರ್ ಬೇಕೇಬೇಕು ಅನ್ನುವವರು ನಮ್ಮ ರಾಜ್ಯ ಸರ್ಕಾರದ ನಿಗಮದ ಲಿಡ್ಕರ್ ಮಳಿಗೆಗಳನ್ನು ಒಮ್ಮೆ ನೋಡಬಹುದು. ಆದರೆ ಮೊದಲ ಕೆಲಸ ಹುಡುಕುವವರಿಗೆ ಲೆದರ್ ಬೇಕು ಎಂದು ನನಗೇನೂ ಅನಿಸುವುದಿಲ್ಲ. ಗಾಢ ಬಣ್ಣದ ದಪ್ಪ ಬಟ್ಟೆಯ ಬ್ಯಾಗ್ ಸಾಕು. ಚೀಟಿಯ ಮೇಲೆ 600ಡಿ ಎಂದಿರುತ್ತದೆ. ಅದು ಡೆನಿಯರ್, 9,000 ಮೀಟರ್ ನೂಲಿನ ತೂಕ ಇಷ್ಟು ಗ್ರಾಂ ಅಂತ. ನಂಬರ್ ಹೆಚ್ಚಾದಷ್ಟು ನೂಲು ದಪ್ಪ.

ವಾಟರ್‌ಪ್ರೂಫ್ ಎಂದು ಬರೆದಿದ್ದರೂ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲೇ ಇಡಿ. ಬಟ್ಟೆ ನೀರು ತಡೆಯಬಹುದು, ಸೂಜಿಯ ತೂತು ತಡೆಯುವುದಿಲ್ಲ.

ಬೆನ್ನಿಗೋ, ಹೆಗಲಿಗೋ?

ಇದು ಕೆಲಸದ ಮೇಲೆ ಹೋಗುತ್ತದೆ. ಐಟಿ ಕಡೆ ಬೆನ್ನಿನ ಬ್ಯಾಗನ್ನು ಯಾರೂ ತಿರುಗಿ ನೋಡುವುದಿಲ್ಲ, ಮ್ಯಾನೇಜರೂ ಅದನ್ನೇ ಹಾಕಿಕೊಂಡು ಬರುತ್ತಾರೆ. ಬ್ಯಾಂಕು, ಶಾಲೆ, ಆಡಿಟರ್ ಆಫೀಸು ಎಂದರೆ ಕೈಯಲ್ಲಿ ಹಿಡಿಯುವ ಅಥವಾ ಒಂದೇ ಹೆಗಲಿಗೆ ಹಾಕುವ ಚಪ್ಪಟೆ ಬ್ಯಾಗ್ ಚೆನ್ನ. ಐಟಿಐ ಮುಗಿಸಿ ಫ್ಯಾಕ್ಟರಿಗೆ ಹೋಗುವ ಹುಡುಗರಿಗೆ ಬ್ಯಾಗೇ ಬೇಡ, ಚೈನ್ ಇರುವ ಫೈಲ್ ಸಾಕು.

ಬೆನ್ನಿನ ಬ್ಯಾಗಿನ ತೊಂದರೆ ಒಂದೇ. ಏಪ್ರಿಲ್ ಬಿಸಿಲಿನಲ್ಲಿ ಬಸ್ ಸ್ಟಾಪಿನಿಂದ ನಡೆದು ಬಂದರೆ ಬೆನ್ನ ತುಂಬ ಬೆವರಿನ ನಕ್ಷೆ. ಅದಕ್ಕೆ ಮೇಲೆ ಗಟ್ಟಿ ಹಿಡಿ ಇರುವುದನ್ನೇ ಆರಿಸಿ. ಕೊನೆಯ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಯಬಹುದು. ಸೀರೆ, ದುಪಟ್ಟಾ ಹಾಕುವವರು ಪಟ್ಟಿಯ ಬಕಲ್ ಸವರಿ ನೋಡಿ. ಚೂಪಾಗಿದ್ದರೆ ಸೆರಗಿನ ನೂಲು ಎಳೆಯುತ್ತದೆ. ಮತ್ತೆ ಇನ್ನೊಂದು: ಬೇರೆ ಕಂಪನಿಯ ಹೆಸರು ಅಚ್ಚಾಗಿರುವ ಬಿಟ್ಟಿ ಬ್ಯಾಗ್ ಬೇಡ. ಒಬ್ಬರು ನಮ್ಮ ಎದುರಾಳಿ ಕಂಪನಿಯ ಬ್ಯಾಗ್ ಹಾಕಿಕೊಂಡು ಬಂದಿದ್ದರು. ಅರ್ಧ ಹೊತ್ತು ಅದರ ಮಾತೇ ಆಯಿತು.

ರಾತ್ರಿ ಬಸ್ಸಿನವರಿಗೆ

ಬೆಂಗಳೂರಿನಲ್ಲೇ ಇರುವವರು ಬರೆಯುವ ಸಲಹೆಗಳಲ್ಲಿ ಈ ವಿಷಯ ಇರುವುದಿಲ್ಲ. ದಾವಣಗೆರೆಯಿಂದಲೋ ರಾಯಚೂರಿನಿಂದಲೋ ರಾತ್ರಿ ಹೊರಟು ಬೆಳಗ್ಗೆ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಯುವವರ ಹತ್ತಿರ ಬಟ್ಟೆ, ಟವೆಲ್, ಬ್ರಷ್ಷು, ಅಮ್ಮ ಕಟ್ಟಿದ ತಿಂಡಿ ಎಲ್ಲ ಇರುತ್ತವೆ. ಅದೆಲ್ಲವನ್ನೂ ಒಂದೇ ಬ್ಯಾಗಿಗೆ ತುಂಬಬೇಡಿ. ನಮ್ಮೂರ ಕಡೆಯ ಹುಡುಗನೊಬ್ಬ ಫೈಲ್ ಎಳೆದಾಗ ಅದರ ಹಿಂದೆಯೇ ಮಂಡಕ್ಕಿ ಪೊಟ್ಟಣ ಬಂದು, ಮೇಜಿನ ತುಂಬ ಚೆಲ್ಲಿತ್ತು. ಕೆಲಸ ಸಿಕ್ಕಿತು ಅವನಿಗೆ. ಆದರೆ ಈಗಲೂ ಆಫೀಸಿನಲ್ಲಿ ಅವನ ಹೆಸರು ಮಂಡಕ್ಕಿ.

ಎರಡು ಬ್ಯಾಗ್ ಮಾಡಿ. ದೊಡ್ಡದನ್ನು ಬಿಟ್ಟು ಹೋಗಲು ಜಾಗ ನೋಡಿ. ರೈಲಿನಲ್ಲಿ ಬಂದವರು ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಡಬಹುದು. ಅಲ್ಲಿ ಟಿಕೆಟ್ ಕೇಳುತ್ತಾರೆ, ಬೀಗ ಹಾಕದ ಬ್ಯಾಗ್ ತಗೊಳ್ಳುವುದಿಲ್ಲ. ಹಾಗಾಗಿ ದೊಡ್ಡ ಬ್ಯಾಗಿಗೆ ಒಂದು ಪುಟ್ಟ ಬೀಗ ಇರಲಿ. ಅದೂ ಆಗದಿದ್ದರೆ ನಮ್ಮಂಥ ಆಫೀಸಿನ ರಿಸೆಪ್ಷನ್‌ನಲ್ಲಿ, "ಊರಿಂದ ನೇರ ಬಂದೆ, ಈ ಬ್ಯಾಗ್ ಇಲ್ಲಿಡಬಹುದಾ?" ಎಂದು ಕೇಳಿ. ನಾಚಿಕೊಳ್ಳುವಂಥದ್ದೇನಿಲ್ಲ. ನಾವೂ ಹಾಗೇ ಬಂದವರು.

ಒಳಗೆ ಹೋದ ಮೇಲೆ

ಕರೆಯುವ ಮೊದಲೇ ಫೈಲ್ ತೆಗೆದು ಕೈಯಲ್ಲಿ ಹಿಡಿದಿರಿ. ಬ್ಯಾಗ್ ಮೇಜಿನ ಮೇಲೂ ಬೇಡ, ತೊಡೆಯ ಮೇಲೂ ಬೇಡ, ಕುರ್ಚಿಯ ಪಕ್ಕ ನೆಲಕ್ಕೆ. ಫೈಲಿನಲ್ಲಿ ಮೇಲೆ ಬಯೋಡೇಟಾದ ಮೂರು ಪ್ರತಿ, ಆಮೇಲೆ ಜೆರಾಕ್ಸ್‌ಗಳು, ಕೊನೆಗೆ ಒರಿಜಿನಲ್‌ಗಳು. ಹೊರ ಜೇಬಿನಲ್ಲಿ ಎರಡು ಪೆನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ, ಗೇಟಿನಲ್ಲಿ ತೋರಿಸಲು ಗುರುತಿನ ಚೀಟಿ, ಕರ್ಚೀಫು. ನೀರಿನ ಬಾಟಲಿ ಒಳಗೆ ಹಾಕಬೇಡಿ, ಪಕ್ಕದ ಜೇಬಿಗೆ. ಫೋನನ್ನು ವೈಬ್ರೇಟ್‌ಗೆ ಹಾಕಿ ಕೀಲಿ ಗೊಂಚಲಿನ ಜೊತೆ ಇಡಬೇಡಿ. ಆ ಗರಗರ ಸದ್ದಿಗಿಂತ ರಿಂಗ್ ಆಗುವುದೇ ವಾಸಿ. ಪೂರ್ತಿ ಆಫ್ ಮಾಡಿ. ವೆಲ್ಕ್ರೋ ಇರುವ ಬ್ಯಾಗಾದರೆ ಹೊರಗೇ ಬಿಚ್ಚಿಟ್ಟುಕೊಳ್ಳಿ. ಆ ಚರ್ರ್ ಸದ್ದಿಗೆ ಪಕ್ಕದ ಕೋಣೆಯವರೂ ತಲೆ ಎತ್ತುತ್ತಾರೆ.

ನಮ್ಮ ಹುಡುಗಿ ಕೊನೆಗೆ ಹೊಸ ಬ್ಯಾಗ್ ತಗೊಳ್ಳಲಿಲ್ಲ. ಅವಳ ಕಾಲೇಜಿನ ನೀಲಿ ಬ್ಯಾಗೇ ಎರಡೂ ಪರೀಕ್ಷೆಯಲ್ಲಿ ಪಾಸಾಯಿತು. ಅಪ್ಪ ರನ್ನರ್ ಬದಲಿಸಿ, ಪಟ್ಟಿಯ ಬುಡಕ್ಕೆ ಇನ್ನೊಂದು ಸಾಲು ಹೊಲಿಗೆ ಹಾಕಿ ಕೊಟ್ಟಿದ್ದಾರೆ. ಚೈನಿಗೆ ನೇತು ಹಾಕಿರುವ ಕರಡಿ ಗೊಂಬೆಯನ್ನು ತೆಗೆಯಲು ಮಾತ್ರ ಒಪ್ಪುತ್ತಿಲ್ಲ, ಅದೃಷ್ಟದ್ದಂತೆ. ಒಳ ಜೇಬಿನಲ್ಲಿ ಹಾಕಿಕೊಂಡು ಬಾ ಎಂದಿದ್ದೇನೆ.